ಫೈಲ್ ಒಣಗಿಸಿಕೊಟ್ಟ ಆ ಅಕ್ಕನಿಗೆ

ಬೀದರಿನಿಂದ ಮಂಗಳೂರಿಗೆ ಬಂದು ಎಂಟು ತಿಂಗಳಾಗಿತ್ತು. ಸುರತ್ಕಲ್‌ನಲ್ಲಿ 28 ಲಕ್ಷದ ಫ್ಲ್ಯಾಟ್ ನೋಡಿ ಮುಂಗಡವನ್ನೂ ಕೊಟ್ಟುಬಿಟ್ಟಿದ್ದೆವು. ಆದರೆ ಆಧಾರ್‌ನಲ್ಲಿ ಊರಿನ ವಿಳಾಸ, ಕೆಲಸ ಹೊಸದು. ಎರಡು ಬ್ಯಾಂಕಿನವರು ಫೈಲ್ ಬಿಚ್ಚಿಯೂ ನೋಡಲಿಲ್ಲ.

ಮೂರನೆಯದಕ್ಕೆ ಹೋದ ದಿನ ಹಂಪನಕಟ್ಟೆಯಲ್ಲಿ ಜೋರು ಮಳೆ, ಫೈಲ್ ಪೂರ್ತಿ ಒದ್ದೆ. ಸಾಲದ ಕೌಂಟರಿನ ಅಕ್ಕ ಏನೂ ಕೇಳದೆ ಒಂದೊಂದೇ ಹಾಳೆ ಬಿಡಿಸಿ ಫ್ಯಾನ್ ಕೆಳಗೆ ಹರಡಿದರು, ಹಾರದಂತೆ ಮೇಲೆ ಸ್ಟೇಪ್ಲರ್, ನೀರಿನ ಬಾಟಲಿ, ಕೊನೆಗೆ ತಮ್ಮ ಊಟದ ಡಬ್ಬಿಯನ್ನೂ ಇಟ್ಟರು. "ಕೂತ್ಕೊಳ್ಳಿ ಮಾರಾಯ್ರೆ, ಒಣಗಲಿ" ಅಂದರು. ನನಗೆ ಅಲ್ಲೇ ಅರ್ಧ ಜೀವ ಬಂತು.

ಆಮೇಲೆ ಹಳೇ ಚಲನ್ ಹಿಂದೆ ಪೆನ್ಸಿಲಿನಲ್ಲಿ ಬರೆದುಕೊಟ್ಟರು. ಬಾಡಿಗೆ ಕರಾರು, ಹಿಂದಿನ ಕೆಲಸದ ಸಂಬಳ ಚೀಟಿ, ಸಂಬಳದಲ್ಲಿ ತೆರಿಗೆ ಹಿಡಿದ ಲೆಕ್ಕದ ಫಾರ್ಮ್ 16 ತನ್ನಿ, ಇಸಿ (ಆಸ್ತಿ ಮೇಲೆ ಋಣ ಇದೆಯಾ ಅಂತ ತೋರಿಸುವ ಪತ್ರ) ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲೇ ಸಿಗುತ್ತದೆ, ಸುಮ್ನೆ ಏಜೆಂಟ್‌ಗೆ ದುಡ್ಡು ಕೊಡಬೇಡಿ. ಸಾಲ ಜಾಸ್ತಿ ಅಂದರೆ ಫ್ಲ್ಯಾಟ್ ಬೆಲೆಯ 90 ಪರ್ಸೆಂಟ್, ಮುದ್ರಾಂಕ ಶುಲ್ಕ, ನೋಂದಣಿ ಖರ್ಚು ಅದರಲ್ಲಿ ಸೇರಲ್ಲ, ಬೇರೆ ಎತ್ತಿಡಿ. ಆ ಸಾಲಿನ ಕೆಳಗೆ ಎರಡು ಗೆರೆ. ಇದನ್ನು ಅಲ್ಲಿಯವರೆಗೆ ನಮಗೆ ಯಾರೂ ಹೇಳಿರಲಿಲ್ಲ.

ಮೊನ್ನೆ ಸಾಲ ಮಂಜೂರಾಯಿತು. ಸಿಹಿ ಹಿಡಿದು ಹೋದರೆ ಅವರಿಗೆ ವರ್ಗವಾಗಿದೆ ಅಂದರು. ಅಕ್ಕಾ, ಆ ಚಲನ್ ನನ್ನ ಹತ್ತಿರವೇ ಇದೆ. ತುಂಬಾ ಥ್ಯಾಂಕ್ಸ್.