‘ಡಿಸಪಾಯಿಂಟ್’ ಕ್ರಿಯಾಪದದ ಬಳಕೆ ಕುರಿತು

ಗುಂಪಿನ ಸದಸ್ಯರೆಲ್ಲರಿಗೂ ನಮಸ್ಕಾರ. ನಿನ್ನೆ ಅಭ್ಯಾಸಕ್ಕೆಂದು ಬಂದ ವಾಕ್ಯಗಳಲ್ಲಿ ‘ಐ ಆಮ್ ಡಿಸಪಾಯಿಂಟಿಂಗ್’ ಎಂಬುದು ಹಲವು ಸಲ ಕಂಡದ್ದರಿಂದ ಈ ಸೂಚನೆಯನ್ನು ಬರೆಯುತ್ತಿದ್ದೇನೆ. ‘ನನಗೆ ನಿರಾಸೆಯಾಗಿದೆ’ ಎನ್ನುವುದಕ್ಕೆ ‘ಐ ಆಮ್ ಡಿಸಪಾಯಿಂಟೆಡ್’ ಎಂದೇ ಬರೆಯಬೇಕು. ಮೊದಲಿನಂತೆ ಬರೆದರೆ, ನನ್ನಿಂದಲೇ ಇತರರಿಗೆ ನಿರಾಸೆಯಾಗುತ್ತದೆ ಎಂದು ಒಪ್ಪಿಕೊಂಡಂತಾಗುತ್ತದೆ. ಕನ್ನಡದಲ್ಲಿ ನಿರಾಸೆ ‘ನನಗೆ’ ಆಗುತ್ತದೆ, ಅಂದರೆ ಅನುಭವಿಸುವವರು ಚತುರ್ಥಿ ವಿಭಕ್ತಿಯಲ್ಲಿರುತ್ತಾರೆ. ಇಂಗ್ಲಿಷಿನಲ್ಲಾದರೋ ಫಲಿತಾಂಶವೋ ಊಟವೋ ಕರ್ತೃವಾಗಿ, ನಿರಾಸೆಗೊಂಡವರು ಕರ್ಮವಾಗುವುದರಿಂದ ‘ದ ರಿಸಲ್ಟ್ ಡಿಸಪಾಯಿಂಟೆಡ್ ಮಿ’ ಎನ್ನುತ್ತೇವೆ. ತೊಡಕು ಹುಟ್ಟುವುದು ಇಲ್ಲಿಯೇ.

ವಸ್ತುವಿನ ಬಗ್ಗೆ ಹೇಳುವಾಗ ‘ವಿತ್’ ಅಥವಾ ‘ಬೈ’, ವ್ಯಕ್ತಿಯ ಬಗ್ಗೆ ಹೇಳುವಾಗ ‘ಇನ್’ ಸಾಮಾನ್ಯವಾಗಿ ಬರುತ್ತದೆ. ‘ಐ ಆಮ್ ಡಿಸಪಾಯಿಂಟೆಡ್ ಇನ್ ಯೂ’ ಎಂಬುದು ಮೃದುವಾಗಿ ಕೇಳಿಸಿದರೂ ‘ನಿನ್ನಿಂದ ಇದನ್ನು ನಿರೀಕ್ಷಿಸಿರಲಿಲ್ಲ’ ಎನ್ನುವಷ್ಟು ಚುಚ್ಚುತ್ತದೆ. ಮೇಲಧಿಕಾರಿಗೆ ಬರೆಯುವ ಪತ್ರದಲ್ಲಂತೂ ಬೇಡ.

ಹಳೆಯ ಫ್ರೆಂಚಿನಿಂದ 15ನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂದಾಗ ಈ ಪದಕ್ಕೆ ಹುದ್ದೆಯಿಂದ ತೆಗೆಯುವುದು ಎಂಬ ಅರ್ಥವಿತ್ತು. ‘ಅಪಾಯಿಂಟ್’ ಅದರೊಳಗೆ ಈಗಲೂ ಕುಳಿತಿದೆ. ಇದನ್ನು ನೆನಪಿಟ್ಟರೆ, ಕಾಗುಣಿತದಲ್ಲಿ ‘ಎಸ್’ ಒಂದೇ, ‘ಪಿ’ ಎರಡು ಎಂಬುದೂ ತಪ್ಪುವುದಿಲ್ಲ.