ವಿಪಿಎನ್ ಹಾಕಿಸುವ ಸಂಘಗಳು ಸಿಆರ್‌ಎಲ್ ತಾರೀಕು ನೋಡಿಕೊಳ್ಳಲಿ

ಮಾನ್ಯ ಸಂಪಾದಕರೇ,

ಬದಿಯಡ್ಕ, ಮುಳ್ಳೇರಿಯ, ಮಂಜೇಶ್ವರ ಕಡೆಯ ಸಹಕಾರ ಸಂಘಗಳು ಪ್ರಧಾನ ಕಚೇರಿಗೂ ಶಾಖೆಗಳಿಗೂ ನಡುವೆ ಓಪನ್‌ವಿಪಿಎನ್ (ಇಂಟರ್‌ನೆಟ್ ಮೂಲಕವೇ ಖಾಸಗಿ ಸಂಪರ್ಕ ಕಲ್ಪಿಸುವ ಸಾಫ್ಟ್‌ವೇರ್) ಹಾಕಿಸುವುದಾದರೆ ಈ ವಿಷಯ ತಿಳಿದಿರಬೇಕು. ಯಾರೂ ಏನೂ ಮುಟ್ಟದೆ ಎಲ್ಲ ಶಾಖೆಗಳ ಸಂಪರ್ಕವೂ ಒಟ್ಟಿಗೆ ಕಡಿದುಹೋದರೆ, ಇಂಟರ್‌ನೆಟ್ ಕಂಪೆನಿಯನ್ನು ದೂರುವ ಮೊದಲು ಸರ್ವರ್‌ನ ಲಾಗ್ ತೆರೆದು ನೋಡಿ. ಅಲ್ಲಿ 'ಸಿಆರ್‌ಎಲ್ ಹ್ಯಾಸ್ ಎಕ್ಸ್‌ಪೈರ್ಡ್' ಎಂದಿದ್ದರೆ, ಅಂದರೆ ರದ್ದಾದ ಸರ್ಟಿಫಿಕೇಟುಗಳ (ಒಳಬರುವ ಕಂಪ್ಯೂಟರುಗಳ ಡಿಜಿಟಲ್ ಗುರುತುಪತ್ರಗಳ) ಪಟ್ಟಿಯ ಅವಧಿ ಮುಗಿದಿದ್ದರೆ, ತೊಂದರೆ ನಮ್ಮಲ್ಲೇ ಇದೆ.

ಸರ್ಟಿಫಿಕೇಟ್ ತಯಾರಿಸುವ ಈಸಿ-ಆರ್‌ಎಸ್‌ಎ 3ರಲ್ಲಿ ಏನೂ ಬದಲಿಸದಿದ್ದರೆ ಸರ್ಟಿಫಿಕೇಟುಗಳಿಗೆ ಸಹಿ ಹಾಕುವ ಮೂಲ ಸಿಎಗೆ 3650 ದಿನ, ಒಂದೊಂದು ಸರ್ಟಿಫಿಕೇಟಿಗೆ 825 ದಿನ ಅವಧಿ. ರದ್ದಾದ ಸರ್ಟಿಫಿಕೇಟುಗಳ ಪಟ್ಟಿಗೆ, ಅಂದರೆ ಸಿಆರ್‌ಎಲ್‌ಗೆ, ಬರೀ 180. ಈ ಪಟ್ಟಿ ಹಳತಾದರೆ ಓಪನ್‌ವಿಪಿಎನ್ 2.4 ಮತ್ತು ನಂತರದವು ಯಾರನ್ನೂ ಒಳಗೆ ಬಿಡುವುದಿಲ್ಲ. ಆಗ ಕೆಲವರು ಸರ್ವರ್‌ನ ಸೆಟ್ಟಿಂಗ್ ಫೈಲಿನಲ್ಲಿ ಈ ಪಟ್ಟಿ ನೋಡಲು ಹೇಳುವ 'ಸಿಆರ್‌ಎಲ್-ವೆರಿಫೈ' ಸಾಲನ್ನೇ ಅಳಿಸಿ ಕೈತೊಳೆದುಕೊಳ್ಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕೆಲಸ ಬಿಟ್ಟವರ ಲ್ಯಾಪ್‌ಟಾಪ್, ಕಳೆದುಹೋದ ಮೊಬೈಲ್ ಎಲ್ಲವೂ ಮತ್ತೆ ಸಂಘದ ಲೆಕ್ಕಪತ್ರದವರೆಗೆ ಬರಬಲ್ಲವು.

ಸಿಎ ಇರುವ ಕಂಪ್ಯೂಟರಿನಲ್ಲಿ 'ಈಸಿಆರ್‌ಎಸ್‌ಎ ಜೆನ್-ಸಿಆರ್‌ಎಲ್' ಕಮಾಂಡ್ ಕೊಟ್ಟು, ಸಿಗುವ ಹೊಸ ಫೈಲನ್ನು ಸರ್ವರ್‌ನಲ್ಲಿ ಹಳೆಯದರ ಜಾಗದಲ್ಲಿ ಹಾಕಿದರೆ ಸಾಕು, ರೀಸ್ಟಾರ್ಟ್ ಬೇಡ. ಫೈಲಿನ ಅನುಮತಿ ಮಾತ್ರ 644 (ಎಲ್ಲರೂ ಓದಬಹುದು, ಒಡೆಯ ಮಾತ್ರ ಬದಲಿಸಬಹುದು) ಇರಲಿ. ಓಪನ್‌ವಿಪಿಎನ್ ಶುರುವಾದ ಮೇಲೆ 'ನೋಬಡಿ' ಎಂಬ ಕಡಿಮೆ ಅಧಿಕಾರದ ಬಳಕೆದಾರನ ಹೆಸರಿನಲ್ಲಿ ಓಡುವಂತೆ ಮಾಡಿದ್ದರೆ ರೂಟ್ (ಪೂರ್ಣ ಅಧಿಕಾರದ ಬಳಕೆದಾರ) ಮಾತ್ರ ಓದಬಲ್ಲ ಫೈಲನ್ನು ಅದು ತೆರೆಯಲಾರದು. ಪಟ್ಟಿ ಹೊಸದಿದ್ದರೂ ಪ್ರಯೋಜನವಿಲ್ಲ.

ಹೊಸ ಪಟ್ಟಿಗೆ ಸಹಿ ಹಾಕುವ ಸಿಎಯ ಕೀಲಿ ಸರ್ವರ್‌ನಲ್ಲಿ ಇರಲೇಬಾರದು. ಹಾಗಾಗಿ ಈ ಕೆಲಸವನ್ನು ಸರ್ವರ್‌ನ ಕ್ರಾನ್‌ಗೆ (ಹೇಳಿದ ಸಮಯಕ್ಕೆ ಕೆಲಸವನ್ನು ತಾನಾಗಿ ಮಾಡುವ ವ್ಯವಸ್ಥೆಗೆ) ಒಪ್ಪಿಸಲಾಗದು. ಈಸಿ-ಆರ್‌ಎಸ್‌ಎ ಸೆಟ್ಟಿಂಗ್‌ಗಳಿರುವ 'ವಾರ್ಸ್' ಫೈಲಿನಲ್ಲಿ ಸಿಆರ್‌ಎಲ್ ದಿನಗಳ ಸಾಲಿನ ಮುಂದಿನ ಹ್ಯಾಶ್ ಗುರುತು ತೆಗೆದು 365 ಎಂದು ಹಾಕಿ, ಆರು ತಿಂಗಳಿಗೊಮ್ಮೆ ಹೊಸ ಪಟ್ಟಿ ಮಾಡುವುದೇ ಒಳ್ಳೆಯದು. ವಿಂಡೋಸ್‌ನ ನೋಟ್‌ಪ್ಯಾಡ್ ಆ ಫೈಲಿನ ಹೆಸರಿಗೆ 'ಟಿಎಕ್ಸ್‌ಟಿ' ಬಾಲ ಸೇರಿಸಿದರೆ ಬದಲಾವಣೆ ಲೆಕ್ಕಕ್ಕೇ ಬರುವುದಿಲ್ಲ. ಗೊಂದಲವಾಯಿತೆಂದು ಎಲ್ಲವನ್ನೂ ಮೊದಲಿಂದ ಶುರುಮಾಡುವ 'ಇನಿಟ್-ಪಿಕೆಐ' ಕಮಾಂಡ್ ಮಾತ್ರ ಮತ್ತೆ ಕೊಡಬೇಡಿ. ಇದ್ದ ಕೀಲಿಗಳೆಲ್ಲ ಅಳಿಸಿಹೋಗಿ ಪ್ರತಿ ಶಾಖೆಗೂ ಹೊಸ ಸರ್ಟಿಫಿಕೇಟ್ ಹಂಚಬೇಕಾದೀತು.

ಒಂದೇ ಶಾಖೆಗೆ ತೊಂದರೆಯಾದರೆ ಮೊದಲು ಅಲ್ಲಿನ ಕಂಪ್ಯೂಟರಿನ ತಾರೀಕು ನೋಡಿ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದಾಗ, ಮದರ್‌ಬೋರ್ಡಿನ ಸೆಲ್ ಸತ್ತಿದ್ದರೆ ತಾರೀಕು ವರ್ಷಗಟ್ಟಲೆ ಹಿಂದಕ್ಕೆ ಹೋಗಿ, ಸರ್ಟಿಫಿಕೇಟ್ ಇನ್ನೂ ಜಾರಿಗೆ ಬಂದಿಲ್ಲ ಎಂಬ ದೋಷ ಕಾಣಿಸುತ್ತದೆ.

ವಿಪಿಎನ್ ಹಾಕಿಕೊಟ್ಟವರ ಬಿಲ್ ಪಾಸು ಮಾಡುವ ಮುನ್ನ ಸಂಘದ ಕಾರ್ಯದರ್ಶಿಗಳು ಸಿಎ, ಸರ್ಟಿಫಿಕೇಟ್, ಸಿಆರ್‌ಎಲ್ ಈ ಮೂರರ ಕೊನೆಯ ದಿನಾಂಕವನ್ನೂ ಬರಹದಲ್ಲಿ ಕೇಳಿ ಪಡೆಯಬೇಕೆಂದು ವಿನಂತಿ.

– ಓರ್ವ ನೆಟ್‌ವರ್ಕ್ ತಂತ್ರಜ್ಞ, ಕುಂಬಳೆ