24 ಗಂಟೆಯ ಲೆಕ್ಕ: ಮಗಳಿಗೊಂದು ಪತ್ರ

ಕಲಬುರಗಿ

ಪ್ರೀತಿಯ ಮಗಳೇ,

"ಜನ ವೋಟು ಹಾಕಿ ತಂದ ಸರಕಾರ, ನೀರು, ರೇಷನ್, ರಸ್ತಾ ಎಲ್ಲಾ ಕೊಡ್ತದ. ಇಷ್ಟಿದ್ದರ ಸಾಲದೇನಪ್ಪಾ? ಒಬ್ಬೊಬ್ಬರ ಹಕ್ಕು ಕಾಯ್ದರಷ್ಟೇ ಅದಕ್ಕ ಆಳುವ ಅಧಿಕಾರ ಅಂತ ಯಾಕನಬೇಕು?" ಅಂತ ಕೇಳಿದ್ದಿ. ಫೋನಿನಲ್ಲಿ ಮುಗಿಯುವ ಮಾತಲ್ಲ, ಅದಕ್ಕೇ ಕಾಗದ.

ಯಾರು ಆಳಬೇಕು ಅನ್ನುವುದನ್ನು ವೋಟು ತೀರ್ಮಾನಿಸುತ್ತದೆ. ಆಳುವವರು ನಿನಗೆ ಏನು ಮಾಡಕೂಡದು ಅನ್ನುವುದಕ್ಕೆ ಬೇರೆ ಕಟ್ಟು ಬೇಕು. ನಮ್ಮ ಭಾಗ 1948ರ ಸೆಪ್ಟೆಂಬರ್ 17ರವರೆಗೆ ನಿಜಾಮರ ಕೈಯಲ್ಲಿತ್ತು. ಆಗಲೂ ಕಾಯ್ದೆ ಇತ್ತು, ಕೋರ್ಟು ಇತ್ತು, ಹೈದರಾಬಾದಿನಲ್ಲಿ ಹೈಕೋರ್ಟೂ ಇತ್ತು. ಆದರೂ 53ನೇ ಗಸ್ತಿ ಎಂಬ ಸುತ್ತೋಲೆಯ ದೆಸೆಯಿಂದ ಅಪ್ಪಣೆ ಇಲ್ಲದೆ ಜನ ಸಭೆ ಸೇರುವಂತಿರಲಿಲ್ಲ. ಸಿಕ್ಕರೆ ದೊರೆಯ ದಯೆ, ಸಿಗದಿದ್ದರೆ ಹಣೆಬರಹ.

ದೊರೆಯ ಕಾಲ ಬಿಡು ಅನ್ನುತ್ತೀಯೇನೋ. 1976ರಲ್ಲಿ ದಿಲ್ಲಿಯಲ್ಲಿದ್ದದ್ದು ಚುನಾವಣೆ ಗೆದ್ದು ಬಂದ ಸರಕಾರವೇ. ತುರ್ತುಪರಿಸ್ಥಿತಿಯಲ್ಲಿ ಹಿಡಿದಿಟ್ಟವರು ಹೈಕೋರ್ಟಿಗೆ ಹೋಗಬಹುದೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಬಂತು. ಒಂಬತ್ತು ಹೈಕೋರ್ಟುಗಳು ಹೋಗಬಹುದು ಅಂದಿದ್ದವು. ಏಪ್ರಿಲ್ 28ರಂದು ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು ಹೋಗುವಂತಿಲ್ಲ ಅಂದರು. ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಪೊಲೀಸರು ಅಕ್ರಮವಾಗಿ ಜೀವವನ್ನೇ ತೆಗೆದರೂ ತುರ್ತುಪರಿಸ್ಥಿತಿ ಇರುವತನಕ ಕೋರ್ಟಿನಲ್ಲಿ ಪರಿಹಾರವಿಲ್ಲ ಎಂದು ಸರಕಾರದ ಪರ ವಕೀಲರು ಒಪ್ಪಿಕೊಂಡದ್ದು ಅದೇ ಮೊಕದ್ದಮೆಯಲ್ಲಿ. ಆ ಮಾತು ಹೊರಬಿದ್ದ ಮೇಲೆ ವೋಟಿನ ಲೆಕ್ಕ ಹಿಡಿದುಕೊಂಡು ಏನು ಮಾಡುವುದು, ಹೇಳು. 1978ರಲ್ಲಿ ಸಂವಿಧಾನಕ್ಕೆ 44ನೇ ತಿದ್ದುಪಡಿ ಬಂದಮೇಲೆ 20 ಮತ್ತು 21ನೇ ವಿಧಿಗಳನ್ನು, ಅಂದರೆ ಶಿಕ್ಷೆಯ ವಿಷಯದಲ್ಲಿನ ರಕ್ಷಣೆ ಹಾಗೂ ಜೀವ, ಸ್ವಾತಂತ್ರ್ಯದ ಹಕ್ಕನ್ನು, ತುರ್ತುಪರಿಸ್ಥಿತಿಯಲ್ಲೂ ಅಮಾನತಿನಲ್ಲಿ ಇಡುವಂತಿಲ್ಲ. ಆ ತೀರ್ಪನ್ನು ಸುಪ್ರೀಂ ಕೋರ್ಟು ತಾನೇ ತಪ್ಪು ಎಂದು ತೆಗೆದುಹಾಕಿದ್ದು 2017ರಲ್ಲಿ, ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ.

ಈಗ ಠಾಣೆಗೆ ಬರೋಣ. ಸರಕಾರದ ಯೋಗ್ಯತೆ ಖರೇ ಗೊತ್ತಾಗುವುದು ಅಲ್ಲಿ. ಯಾರನ್ನಾದರೂ ಹಿಡಿದರೆ ಕಾರಣ ತಿಳಿಸಬೇಕು, ವಕೀಲರನ್ನು ಕಾಣಲು ಬಿಡಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಇದು ಸಂವಿಧಾನದ 22ನೇ ವಿಧಿ. ಕೋರ್ಟಿಗೆ ಕರೆದೊಯ್ಯುವ ದಾರಿಯ ಹೊತ್ತನ್ನಷ್ಟೇ ಬಿಡಬಹುದು. ಐತವಾರ, ಹಬ್ಬದ ಸೂಟಿ ಅಂತ ಬಿಡುವಂತಿಲ್ಲ. ಸೂಟಿ ಇದ್ದರೆ ಮ್ಯಾಜಿಸ್ಟ್ರೇಟರ ಮನೆಗೇ ಕರೆದೊಯ್ಯಬೇಕು. ಬಂಧನದ ಮೆಮೊದಲ್ಲಿ ತಾರೀಖು, ವೇಳೆ ಇರಬೇಕು. ಮನೆಯವರೋ ಊರಿನ ಮರ್ಯಾದಸ್ಥರೋ ಸಾಕ್ಷಿ ಹಾಕಬೇಕು, ಹಿಡಿಸಿಕೊಂಡವನೂ ಸಹಿ ಮಾಡಬೇಕು. ಹೆಣ್ಣುಮಕ್ಕಳನ್ನು ಹೊತ್ತು ಮುಳುಗಿದ ಮೇಲೆ, ಹೊತ್ತು ಹುಟ್ಟುವ ಮೊದಲು ಹಿಡಿಯುವಂತಿಲ್ಲ. ತೀರಾ ಅಪರೂಪದ ಸಂದರ್ಭವಾದರೆ ಮಹಿಳಾ ಪೊಲೀಸ್ ಅಧಿಕಾರಿ ಲಿಖಿತ ವರದಿ ಕೊಟ್ಟು ಮೊದಲೇ ಮ್ಯಾಜಿಸ್ಟ್ರೇಟರ ಅನುಮತಿ ಪಡೆದಿರಬೇಕು.

ಎಡವಟ್ಟಾಗುವುದು ಆ ವೇಳೆ ಬರೆಯುವಲ್ಲಿ. ಮುಂಜಾನೆ ಕರೆತಂದು "ಬರೇ ವಿಚಾರಣೆಗೆ ಕರೆದೀವಿ" ಅಂತ ಕೂರಿಸಿಕೊಂಡು, ಮೆಮೊದಲ್ಲಿ ರಾತ್ರಿ ಹಿಡಿದದ್ದು ಅಂತ ಬರೆದರೆ ಹತ್ತು ಹನ್ನೆರಡು ತಾಸು ಕಾಗದದ ಮೇಲಿಂದ ಮಾಯ. ಅಷ್ಟು ಹೊತ್ತು ಆ ಮನುಷ್ಯ ಯಾವ ಕಾಯ್ದೆಯ ಕೆಳಗೂ ಇಲ್ಲ. ಏಟು ಬೀಳುವುದು, ಖಾಲಿ ಹಾಳೆಗೆ ಸಹಿ ಆಗುವುದು ಇಂಥ ಹೊತ್ತಿನಲ್ಲೇ. ಅದಕ್ಕೇ ಮನೆಯವರು ಕರೆದೊಯ್ದ ವೇಳೆಯನ್ನು ಕೂಡಲೇ ಬರೆದಿಡಬೇಕು, ಎಸ್‌ಪಿಯವರಿಗೆ, ಪೊಲೀಸ್ ಕಮಿಷನರ್ ಇದ್ದ ಊರಲ್ಲಿ ಅವರಿಗೆ, ಒಂದು ಇಮೇಲ್ ಹಾಕಬೇಕು. ಇಮೇಲ್ ಹೋದ ವೇಳೆಯೇ ಆಮೇಲೆ ಪುರಾವೆ.

ಮನುಷ್ಯ ಎಲ್ಲಿದ್ದಾನೆಂದೇ ಹೇಳದಿದ್ದರೆ 226ನೇ ವಿಧಿಯಡಿ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ಹಿಡಿದಿಟ್ಟವನನ್ನು ಕೋರ್ಟಿನ ಮುಂದೆ ತಂದು ನಿಲ್ಲಿಸಿ ಅಂತ ಕೇಳುವ ಅರ್ಜಿ. ಅವನ ಪರವಾಗಿ ಹೆಂಡತಿ, ತಂದೆ, ಗೆಳೆಯ ಯಾರೂ ಹಾಕಬಹುದು. 2008ರಲ್ಲಿ ಇಲ್ಲಿ ಸಂಚಾರಿ ಪೀಠ ಬಂತು, 2013ರಲ್ಲಿ ಅದು ಕಾಯಂ ಆಯಿತು. ಅದಕ್ಕೂ ಮೊದಲು ಬೀದರಿನ ರೈತನೂ ಯಾದಗಿರಿಯ ಕೂಲಿಯೂ ಬೆಂಗಳೂರಿಗೇ ಹೋಗಬೇಕಿತ್ತು. ಹಕ್ಕು ಪುಸ್ತಕದಲ್ಲಿ ಅದೇ ಇತ್ತು. ಆದರೆ ರಾತ್ರಿ ಬಸ್ಸು ಹತ್ತಿ, ದಿನಗೂಲಿ ಬಿಟ್ಟು, ವಕೀಲರ ಫೀಸು ಹೊಂದಿಸಿಕೊಂಡು ಹೋಗುವಷ್ಟರಲ್ಲಿ ಎಷ್ಟು ದಿನ ಕಳೆದುಹೋಗುತ್ತಿದ್ದವು ಲೆಕ್ಕ ಹಾಕು. ಒಂದು ಠಾಣೆಯಲ್ಲಿ ತಪ್ಪಾಯಿತೆಂದು ಇಡೀ ಸರಕಾರ ಆಳುವ ಹಕ್ಕು ಕಳೆದುಕೊಂಡಿತು ಅಂತ ನಾನು ಹೇಳುವುದಿಲ್ಲ. ತಪ್ಪಾದಮೇಲೆ ಬಾಗಿಲು ಎಷ್ಟು ಹೊತ್ತಿನಲ್ಲಿ ತೆರೆಯುತ್ತದೆ, ಬಡವನಿಗೂ ತೆರೆಯುತ್ತದೋ ಇಲ್ಲವೋ, ನಾನು ನೋಡುವುದು ಅದನ್ನು.

ಇದರಲ್ಲಿ ಒಂದು ಕಿಂಡಿಯೂ ಇದೆ, ಮುಚ್ಚಿಡುವುದಿಲ್ಲ. ಅದೇ 22ನೇ ವಿಧಿ ಮುಂಜಾಗ್ರತಾ ಬಂಧನಕ್ಕೂ, ಅಂದರೆ ತಪ್ಪು ಮಾಡಿಯಾನು ಎಂದು ಮೊದಲೇ ಹಿಡಿದಿಡುವುದಕ್ಕೂ, ಜಾಗ ಕೊಟ್ಟಿದೆ. ಇಂಥ ಬಂಧನ ಸರಿಯೋ ಎಂದು ನೋಡುವ ಸಲಹಾ ಮಂಡಳಿಯ ಅಭಿಪ್ರಾಯ ಬರುವ ಮೊದಲೇ ಮೂರು ತಿಂಗಳವರೆಗೆ ಇಡಬಹುದು, 24 ಗಂಟೆಯ ನಿಯಮ ಅಲ್ಲಿ ನಡೆಯುವುದಿಲ್ಲ. ಅಷ್ಟರಮಟ್ಟಿಗೆ ನಮ್ಮ ಸಂವಿಧಾನವೂ ಅರೆಬರೆಯೇ ಅಂತ ನನಗೆ ಅನ್ನಿಸುತ್ತದೆ.

ಇನ್ನು ನೀರು, ರೇಷನ್ ಮಾತು. ಅವೂ ಬೇಕೇಬೇಕು. ಆದರೆ ಕೊಳಾಯಿಗೆ ನೀರು ಬರಲಿಲ್ಲ ಅಂತ ಕಚೇರಿ ಮುಂದೆ ನಿಂತು ಕೇಳಬೇಕಾದರೆ, ಕೇಳಿದವನನ್ನು ಒಳಗೆ ಹಾಕುವಂತಿಲ್ಲ ಅನ್ನುವ ಧೈರ್ಯ ಮೊದಲು ಬೇಕಲ್ಲವೇ? ವೋಟೂ ಹಾಗೇ. ಬಾಯಿ ಕಟ್ಟಿದಮೇಲೆ ಯಾರಿಗೆ ಯಾಕೆ ಹಾಕುತ್ತೀ?

ಫೋನಿನಲ್ಲಿ 15100 ಉಳಿಸಿಕೋ, ಉಚಿತ ಕಾನೂನು ನೆರವಿನ ನಂಬರದು. 1987ರ ಕಾಯ್ದೆಯ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ವಕೀಲರನ್ನು ಪುಕ್ಕಟೆ ಕೊಡಬೇಕು. ನಿನ್ನ ರೂಮಿನ ಹುಡುಗಿಯರಿಗೂ ಹೇಳು.

ಇಂತಿ,
ನಿನ್ನ ಅಪ್ಪ